ಗೇಮ್ ಲಾರಿಗೆ ನಮ್ಮೂರ ಲಾರಿ ಸೌಂಡ್ ಹಾಕೋದು ಹೆಂಗ

ಯೂರೋ ಟ್ರಕ್ ಸಿಮ್ಯುಲೇಟರ್ 2 ಅನ್ನೋ ಲಾರಿ ಓಡ್ಸೋ ಕಂಪ್ಯೂಟರ್ ಗೇಮಿಗೆ ಅದಿರು ಹೊಡಿಯೋ ಟಿಪ್ಪರ್ ಮಾಡೆಲ್ ಹಾಕ್ಕೊಂಡು ಕೀ ತಿರುವಿದ್ರ ಯೂರೋಪ್ ಗಾಡಿ ಸೌಂಡ್ ಬರತೈತಿ, ಅಲ್ಲಿಗೆ ಮಜಾ ಖಲಾಸ್. ಸೌಂಡ್ ನಾವ ಮಾಡ್ಕೋಬೇಕಂದ್ರ ಕೆಲಸ ಭಾಳಿಲ್ಲ, ತಾಳ್ಮಿ ಬೇಕು ಅಷ್ಟ.

ಮೊದ್ಲು ರೆಕಾರ್ಡಿಂಗ್. ಗಿಣಿಗೇರಿ ಕಡೆ ಹೈವೇ 67ರ ಢಾಬಾದಾಗ ನಿಂತ ಲಾರಿ ಡ್ರೈವರ್‌ಗೆ ಒಂದು ಚಾ ಕುಡಿಸಿ "ಅಣ್ಣಾ ಐದು ನಿಮಿಷ ಇಂಜಿನ್ ಚಾಲೂ ಇಡ್ರಿ" ಅಂದ್ರ ನಕ್ಕೋತ ಇಡ್ತಾರ. ಫೋನಿನಾಗ ವೇವ್ ಫೈಲ್ ಕೊಡೋ ರೆಕಾರ್ಡರ್ ಹಾಕ್ರಿ, ನಾಯ್ಸ್ ರಿಡಕ್ಷನ್ ಆಫ್ ಮಾಡ್ರಿ, ಇಲ್ಲಂದ್ರ ಫೋನು ಇಂಜಿನ್ನನ್ನ ಗದ್ಲ ಅಂದ್ಕೊಂಡು ತಿಂದು ಹಾಕತೈತಿ. ಲೆವೆಲ್ ಮೈನಸ್ 6 ಡೆಸಿಬೆಲ್ ದಾಟಬಾರ್ದು. ಹಾರ್ನ್ ಬ್ಯಾರೆನ, ದೂರ ನಿಂತು ಹಿಡೀರಿ, ಒಮ್ಮೆ ಒಡದ ಸೌಂಡ್ ರಿಪೇರಿ ಆಗಂಗಿಲ್ಲ. ಆಷಾಢದ ಗಾಳ್ಯಾಗಂತೂ ಹೋಗಬ್ಯಾಡ್ರಿ.

ಐಡಲ್ (ಆಕ್ಸಿಲರೇಟರ್ ಒತ್ತದಂಗ), 1000, 1400, 1800 ಆರ್‌ಪಿಎಂ (ನಿಮಿಷಕ್ಕ ಇಂಜಿನ್ ತಿರುಗೋ ಸುತ್ತು), ಒಂದೊಂದಕ್ಕೂ ಹತ್ತು ಹದಿನೈದು ಸೆಕೆಂಡ್ ಆಕ್ಸಿಲರೇಟರ್ ಅಲ್ಲಾಡ್ದಂಗ ಹಿಡಿಸ್ರಿ. ಲಾರಿಯ ಆರ್‌ಪಿಎಂ ಮೀಟರ್ ಕೆಟ್ಟಿದ್ರ ಚಿಂತಿ ಬ್ಯಾಡ, ಆರು ಸಿಲಿಂಡರ್ ಡೀಸೆಲ್ ಇಂಜಿನ್ ಒಂದು ಸುತ್ತಿಗೆ ಮೂರು ಸಲ ಫೈರ್ ಆಗತೈತಿ, ಅಂದ್ರ 600 ಆರ್‌ಪಿಎಂಗೆ 30 ಹರ್ಟ್ಜ್, 1500ಕ್ಕ 75. ಆಡಾಸಿಟಿ ಅನ್ನೋ ಸೌಂಡ್ ಎಡಿಟಿಂಗ್ ಸಾಫ್ಟ್‌ವೇರ್‌ದಾಗ ಸ್ಪೆಕ್ಟ್ರಂ (ಯಾವ ಹರ್ಟ್ಜ್‌ಗೆ ಎಷ್ಟು ಸೌಂಡ್ ಅನ್ನೋ ಗ್ರಾಫ್) ತಗದು ಆ ಫೈರಿಂಗ್ ಗುಡ್ಡ ಎಲ್ಲೈತಿ ನೋಡಿದ್ರ ಆರ್‌ಪಿಎಂ ಸಿಕ್ತು. ನಿಂತ ಗಾಡಿ ರೇಸ್ ಮಾಡಿದ್ದು ಬರೀ ಖಾಲಿ ಸೌಂಡ್, ಲೋಡ್ ಹೊತ್ತು ಏರು ಏರೋವಾಗಿನ ಆ ನರಳಾಟ ಬೇಕಂದ್ರ ಸಂಡೂರಿನ ಏರಿನಾಗ ತುಂಬಿದ ಗಾಡಿ ಹತ್ತಿ ಕ್ಯಾಬಿನ್‌ದಾಗ ಕುಂತ ಹಿಡೀಬೇಕು, ಹಾಡಿನ ಟೇಪ್ ಬಂದ್ ಮಾಡಿಸ್ರಿ ಮತ್ತ.

ಎಲ್ಲಾರೂ ಎಡವೋದು ಲೂಪ್‌ನಾಗ, ಅಂದ್ರ ಮುಗಿದ ಕೂಡ್ಲೇ ಮತ್ತ ಮೊದ್ಲಿಂದ ತಿರುಗೋ ಸೌಂಡ್ ತುಂಡಿನಾಗ. ಎರಡು ಮೂರು ಸೆಕೆಂಡಿನ ತುಂಡು ತಗೊಂಡು ಸೆಲೆಕ್ಟ್ ಮಾಡಿ ಝಡ್ ಒತ್ರಿ, ಎರಡೂ ತುದಿ ಝೀರೋ ಗೆರಿಗೆ ಬಂದು ಕೂಡ್ತಾವ, ಇಲ್ಲಂದ್ರ ಪ್ರತಿ ಸುತ್ತಿಗೂ ಟಪ್ ಟಪ್ ಅಂತೈತಿ. ಆಮ್ಯಾಲ ಕಣ್ಣ ಮುಚ್ಚಿ ಒಂದು ನಿಮಿಷ ಲೂಪ್ ಕೇಳ್ರಿ. ನನ್ನ ಮೊದ್ಲನೇ ಐಡಲ್‌ನಾಗ ದೂರದಾಗ ಹುಂಜ ಕೂಗಿದ್ದು ನಂಗ ಗೊತ್ತಾಗ್ಲಿಲ್ಲ, ಗೇಮ್‌ನಾಗ ಜರ್ಮನಿ ಸಿಗ್ನಲ್‌ದಾಗ ನಿಂತಾಗೆಲ್ಲ ಮೂರು ಸೆಕೆಂಡಿಗೊಮ್ಮೆ ಕೊಕ್ಕೊಕ್ಕೋ. ಎಂಪಿ3 ಮಾಡಬ್ಯಾಡ್ರಿ, ಅದು ಮೊದಲಿಗೆ ಚೂರು ಮೌನ ಸೇರಿಸಿ ಲೂಪ್ ಕೆಡಸತೈತಿ. ವೇವ್, ಮೋನೋ, ಅಷ್ಟ.

ಗೇಮಿಗೆ ಸೇರ್ಸೋದು: 2020ರ 1.37 ವರ್ಷನ್‌ನಿಂದ ಸೌಂಡ್ ಎಲ್ಲಾ ಎಫ್‌ಮಾಡ್ (ಗೇಮ್ ಸೌಂಡ್ ನಡೆಸೋ ಸಾಫ್ಟ್‌ವೇರ್) ಆಗೈತಿ, ಹಳೇ ಗೈಡ್ ನೋಡಿ ಟೈಮ್ ಹಾಳ್ ಮಾಡ್ಕೋಬ್ಯಾಡ್ರಿ. ಗೇಮ್ ಬಳಸೋ ವರ್ಷನ್ನಿಗೆ ಹೊಂದೋ ಎಫ್‌ಮಾಡ್ ಸ್ಟುಡಿಯೋ ಹಾಕ್ಕೊಂಡು ಆರ್‌ಪಿಎಂ ಪ್ಯಾರಾಮೀಟರ್ ಮ್ಯಾಲ ಲೂಪ್‌ಗಳನ್ನ ಒಂದರ ಮ್ಯಾಲ ಒಂದು ಚೂರು ಹತ್ತೋ ಹಂಗ ಜೋಡ್ಸಿ ಕ್ರಾಸ್‌ಫೇಡ್ (ಒಂದು ಇಳಿಯೋವಾಗ ಇನ್ನೊಂದು ಏರೋದು) ಕೊಡ್ರಿ, ಆರ್‌ಪಿಎಂ ಏರಿದಂಗ ಸೌಂಡ್ ಏರಿಸೋ ಆಟೋಪಿಚ್ ಹಚ್ರಿ, ಖಾಲಿ ಸೌಂಡಿಗೂ ಲೋಡ್ ಸೌಂಡಿಗೂ ಬ್ಯಾರೆ ಬ್ಯಾರೆ ಟ್ರ್ಯಾಕ್. ಎಫ್‌ಮಾಡ್‌ದಾಗ ಕೊಡೋ ಹೆಸರುಗಳು ಗೇಮ್ ಕೇಳೋ ಹಂಗೇ ಇರಬೇಕು, ಒಂದಕ್ಷರ ತಪ್ಪಿದ್ರ ಗಾಡಿ ಮೂಕ. ಬ್ಯಾಂಕ್ (ಎಲ್ಲಾ ಸೌಂಡ್ ಕಟ್ಟಿದ ಫೈಲ್) ಬಿಲ್ಡ್ ಮಾಡಿ ಮಾಡ್ ಫೋಲ್ಡರಿಗೆ ಹಾಕಿ, ಮೊದ್ಲು ಹೆಡ್‌ಫೋನ್‌ದಾಗ ಕೇಳ್ರಿ, ಫೋನ್ ಸ್ಪೀಕರ್‌ನಾಗ ಆ 30 ಹರ್ಟ್ಜ್ ಬರಂಗೇ ಇಲ್ಲ.