ಉಚಿತವಾಗಿದ್ದ ಆ್ಯಪ್‌ಗೆ ಶಾಲೆ ದುಡ್ಡು ಕಟ್ಟಬೇಕಾ? ಮೊದಲು ಇಷ್ಟು ಮಾಡಿ

ಹತ್ತನೇ ತರಗತಿಯ ಪ್ರಿಪರೇಟರಿಗೆ ಇನ್ನು ಹತ್ತೇ ದಿನ ಇತ್ತು. ಬೆಳಿಗ್ಗೆ ಕ್ವಿಜ್ ಆ್ಯಪ್ ತೆರೆದರೆ, ಇನ್ನು ಮುಂದೆ ದುಡ್ಡು ಕಟ್ಟಿದವರಿಗೆ ಮಾತ್ರ ಎಂಬ ಪರದೆ ಬಂತು. ಮೂರು ವರ್ಷ ಕೂತು ಕನ್ನಡದಲ್ಲಿ ಟೈಪ್ ಮಾಡಿದ 640 ಪ್ರಶ್ನೆಗಳು ಅದರೊಳಗಿದ್ದವು. ಕಣ್ಣಿಗೆ ಕಾಣುತ್ತಿದ್ದವು, ಮಕ್ಕಳಿಗೆ ಕಳಿಸಲು ಆಗುತ್ತಿರಲಿಲ್ಲ. ನಾನು ರಾಜಾಜಿನಗರದ ಒಂದು ಅನುದಾನಿತ ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಅವತ್ತು ನೇರ ಮುಖ್ಯ ಶಿಕ್ಷಕರ ಕೋಣೆಗೆ ಓಡಿ ದುಡ್ಡು ಕೇಳಿದೆ. ಹಾಗೆ ಮಾಡಬಾರದಿತ್ತು. ನೀವು ಮಾಡಬೇಡಿ.

ಮೊದಲು ನಿಮ್ಮ ಸಾಮಾನನ್ನು ಹೊರಗೆ ತೆಗೆಯಿರಿ. ಪ್ರಶ್ನೆಗಳು, ಅಂಕಗಳು, ಮಕ್ಕಳು ಬರೆದ ಉತ್ತರಗಳು, ಎಲ್ಲವೂ. ಅವೆಲ್ಲ ಆ್ಯಪ್ ಕಂಪನಿಯ ಹತ್ತಿರವೇ ಇರುವಾಗ ಕೂತು ಯೋಚಿಸಿದರೆ ಹೆದರಿಕೆಯೇ ನಿರ್ಧಾರ ಮಾಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಪೋರ್ಟ್ ಅಥವಾ ಡೌನ್‌ಲೋಡ್ ಹುಡುಕಿ. ಹೆಚ್ಚಾಗಿ ಸಿಎಸ್‌ವಿ ಫೈಲ್ (ಸಾಲು, ಕಾಲಂಗಳ ಪಟ್ಟಿ ಇರುವ ಸರಳ ಪಠ್ಯ ಫೈಲ್) ಸಿಗುತ್ತದೆ. ಅದನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣಬಹುದು. ಗಾಬರಿ ಬೇಡ, ಫೈಲ್ ಕೆಟ್ಟಿಲ್ಲ. ಎಕ್ಸೆಲ್‌ನಂಥದ್ದೇ ಸಾಫ್ಟ್‌ವೇರ್ ಇರುವ ಲಿಬ್ರೆಆಫೀಸ್‌ನಲ್ಲಿ ತೆರೆಯಿರಿ. ಯಾವ ಅಕ್ಷರ ಸೆಟ್ ಎಂದು ಅದು ಕೇಳುತ್ತದೆ, ಯೂನಿಕೋಡ್ ಯುಟಿಎಫ್-8 ಆರಿಸಿ. ಕನ್ನಡ ಸರಿಯಾಗಿ ಬರುತ್ತದೆ. ಲಿಬ್ರೆಆಫೀಸ್‌ಗೆ ದುಡ್ಡಿಲ್ಲ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಮಾತ್ರ ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಎಕ್ಸ್‌ಪೋರ್ಟ್ ಬಟನ್ನೇ ಇಲ್ಲದಿದ್ದರೆ ಪುಟಗಳನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ. ನಾವು ಮೂವರು ಸೇರಿ ಎರಡು ಶನಿವಾರ ಮಧ್ಯಾಹ್ನ ಇದಕ್ಕೇ ಕೊಟ್ಟೆವು.

ಆಮೇಲೆ, ಹೊಸ ಮಿತಿ ನಿಮ್ಮನ್ನು ನಿಜವಾಗಿ ತಟ್ಟುತ್ತದಾ ನೋಡಿ. ಗೂಗಲ್ ಶಾಲಾ ಖಾತೆಗಳಿಗಿದ್ದ ಮಿತಿಯಿಲ್ಲದ ಜಾಗವನ್ನು 2022ರಲ್ಲಿ ಇಡೀ ಸಂಸ್ಥೆಗೆ 100 ಟಿಬಿ (ಸುಮಾರು ಒಂದು ಲಕ್ಷ ಜಿಬಿ) ಎಂದು ಇಳಿಸಿದಾಗ ಎಷ್ಟೋ ಶಾಲೆಗಳು ಹೆದರಿದವು. ನಮ್ಮಂಥ ಸಣ್ಣ ಶಾಲೆಗೆ ಅದು ತುಂಬುವುದೇ ಇಲ್ಲ. ಜೂಮ್‌ನಲ್ಲಿ ಉಚಿತ ಸಭೆ 40 ನಿಮಿಷಕ್ಕೆ ನಿಲ್ಲುತ್ತದೆ, ನಮ್ಮ ಪೀರಿಯಡ್ಡೂ 40 ನಿಮಿಷವೇ. ಇಂಥ ಕಡೆ ದುಡ್ಡು ಕೊಡುವ ಮಾತೇ ಬರುವುದಿಲ್ಲ, ಅಲ್ವಾ?

ಈಗ ಸ್ಟಾಫ್ ರೂಮಿನಲ್ಲಿ ಒಂದು ನೋಟ್‌ಬುಕ್ ಇಡಿ. ಎರಡು ವಾರ. ಆ ಆ್ಯಪ್ ಬಳಸಿದವರು ದಿನಾಂಕ, ತರಗತಿ, ಏತಕ್ಕೆ ಎಂದು ಒಂದು ಸಾಲು ಬರೆಯಲಿ. "ನೀವು ಬಳಸ್ತೀರಾ?" ಎಂದು ಸುಮ್ನೆ ಕೇಳಿದರೆ ಎಲ್ಲರೂ ಹೌದು ಅಂತಾರೆ. ನಮ್ಮಲ್ಲಿ 14 ಶಿಕ್ಷಕರಿಗೂ ಖಾತೆ ಇತ್ತು. ನೋಟ್‌ಬುಕ್‌ನಲ್ಲಿ ಐವರ ಹೆಸರು ಮಾತ್ರ ಇತ್ತು.

ಇದರಿಂದ ಲೆಕ್ಕವೇ ಬದಲಾಯಿತು. ಆ್ಯಪ್‌ನ ಬೆಲೆ ಒಬ್ಬ ಶಿಕ್ಷಕರಿಗೆ ತಿಂಗಳಿಗೆ 700 ರೂಪಾಯಿ. 14 ಜನಕ್ಕೆ ವರ್ಷಕ್ಕೆ 1,17,600 ರೂಪಾಯಿ, ಶೇಕಡಾ 18 ಜಿಎಸ್‌ಟಿ ಸೇರಿದರೆ 1,38,768. ಐದು ಜನಕ್ಕಾದರೆ ತೆರಿಗೆ ಸೇರಿ 49,560. ತಿಂಗಳ ಬೆಲೆ ನೋಡಿ ಒಪ್ಪಿಕೊಳ್ಳಬೇಡಿ. ಬೆಲೆ ಡಾಲರ್‌ನಲ್ಲಿದ್ದರೆ ಇನ್ನೂ ಸ್ವಲ್ಪ ಜಾಸ್ತಿ ಎತ್ತಿಡಿ.

ಉಚಿತ ಬದಲಿಗಳನ್ನೂ ಪರೀಕ್ಷಿಸಿ. ಗೂಗಲ್ ಫಾರ್ಮ್ಸ್‌ನಲ್ಲಿ ಕ್ವಿಜ್ ಮಾಡಬಹುದು, ಬಹು ಆಯ್ಕೆ ಪ್ರಶ್ನೆಗೆ ಅಂಕವೂ ತಾನೇ ಹಾಕುತ್ತದೆ. ಪಾಠ, ಕ್ವಿಜ್ ಎಲ್ಲ ಶಾಲೆಯೇ ಆನ್‌ಲೈನ್‌ನಲ್ಲಿ ನಡೆಸಬಹುದಾದ ಮೂಡಲ್ ತುಂಬ ಒಳ್ಳೆಯದು, ಸಾಫ್ಟ್‌ವೇರ್‌ಗೆ ದುಡ್ಡಿಲ್ಲ. ಆದರೆ ಅದಕ್ಕೆ ಸರ್ವರ್ ಬೇಕು, ನೋಡಿಕೊಳ್ಳಲು ಒಬ್ಬರು ಬೇಕು. ಆ ಒಬ್ಬರು ವಾರಕ್ಕೆ 24 ಪೀರಿಯಡ್ ತೆಗೆದುಕೊಳ್ಳುವ ಕಂಪ್ಯೂಟರ್ ಮೇಷ್ಟ್ರೇ ಆದರೆ, ಅವರ ಭಾನುವಾರಗಳನ್ನು ನಾವು ಖರ್ಚು ಮಾಡುತ್ತಿದ್ದೇವೆ ಎಂದರ್ಥ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ದುಡ್ಡು ಕಟ್ಟುವುದೇ ಸರಿ ಅನಿಸಿದರೆ ಯಾವ ಶಿಕ್ಷಕರೂ ಸ್ವಂತ ಕಾರ್ಡ್ ಕೊಡಬಾರದು. ಇದನ್ನು ಕೈಮುಗಿದು ಹೇಳುತ್ತೇನೆ. ನಮ್ಮ ಗಣಿತದ ಮೇಡಂ ಪ್ರೀತಿಯಿಂದ ತಮ್ಮ ಕಾರ್ಡ್‌ನಲ್ಲಿ ಕಟ್ಟಿದ್ದರು. ಅವರು ಬೇರೆ ಶಾಲೆಗೆ ಹೋದ ಮೇಲೂ ಎರಡು ತಿಂಗಳು ಅವರ ದುಡ್ಡು ಹೋಯಿತು. ಖಾತೆ ಅವರ ಮೇಲ್‌ನಲ್ಲಿದ್ದುದರಿಂದ ನಮಗೆ ಒಳಗೆ ಹೋಗಲೂ ಆಗಲಿಲ್ಲ. ಖಾತೆ ಶಾಲೆಯ ಮೇಲ್‌ನಲ್ಲಿರಲಿ, ಬಿಲ್ ಶಾಲೆಯ ಹೆಸರಿಗೆ ಬರಲಿ. ಬ್ಯಾಂಕಿನಿಂದ ನೇರ ವರ್ಗಾವಣೆಗೆ ಒಪ್ಪುತ್ತೀರಾ ಎಂದು ಕಂಪನಿಗೆ ಮೊದಲೇ ಬರೆದು ಕೇಳಿ. ಜೂನ್‌ನಿಂದ ಮೇವರೆಗೆ ಒಂದೇ ವರ್ಷಕ್ಕೆ ತೆಗೆದುಕೊಳ್ಳಿ. ಮೂರು ವರ್ಷಕ್ಕೆ ರಿಯಾಯಿತಿ ಕೊಡುತ್ತೇವೆ ಅಂದರೂ ಬೇಡ. ಆ್ಯಪ್ ಅಷ್ಟು ದಿನ ಇರುತ್ತದೆ ಎಂಬ ಖಾತರಿ ಇಲ್ಲ: ಶಾಲೆಗಳು ಬಳಸುತ್ತಿದ್ದ ಆನ್‌ಲೈನ್ ತರಗತಿ ತಾಣ ಎಡ್ಮೋಡೊ 2022ರಲ್ಲಿ ಮುಚ್ಚಿಯೇ ಹೋಯಿತು, ಗೂಗಲ್‌ನ ಡಿಜಿಟಲ್ ಬೋರ್ಡ್ ಜಾಮ್‌ಬೋರ್ಡ್ 2024ರ ಕೊನೆಗೆ ನಿಂತಿತು.

ಖರ್ಚನ್ನು ಪೋಷಕರ ಮೇಲೆ ಹಾಕುವ ಮಾತು ನಮ್ಮ ಸಭೆಯಲ್ಲೂ ಬಂತು. ನಾನು ಒಪ್ಪಲಿಲ್ಲ. ನಮ್ಮ ಮಕ್ಕಳ ಅಪ್ಪ ಅಮ್ಮಂದಿರು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿಯುವವರು, ಆಟೋ ಓಡಿಸುವವರು. ಮನೆಗೆ ಒಂದೇ ಫೋನ್, ಅದರ ಡೇಟಾವನ್ನು ಅವರು ಈಗಾಗಲೇ ನಮ್ಮ ಹೋಮ್‌ವರ್ಕ್‌ಗೆ ಕೊಡುತ್ತಿದ್ದಾರೆ.

ಬಿಟ್ಟುಬಿಡುವುದಾದರೆ ಮಕ್ಕಳ ಹೆಸರು, ಅಂಕ ಎಲ್ಲವನ್ನೂ ಅಳಿಸಿ ಎಂದು ಕಂಪನಿಗೆ ಬರೆಯಿರಿ. ಅಳಿಸಿದ್ದೇವೆ ಎಂಬ ಉತ್ತರ ಬರುವವರೆಗೂ ಬಿಡಬೇಡಿ.

ನಾವು ಕೊನೆಗೆ ಐದು ಖಾತೆ ತೆಗೆದುಕೊಂಡೆವು. ಉಳಿದವರು ಫಾರ್ಮ್ಸ್ ಬಳಸುತ್ತಿದ್ದಾರೆ. ಪ್ರತಿ ತಿಂಗಳ ಕೊನೆಯ ಶನಿವಾರ ಹೊಸ ಪ್ರಶ್ನೆಗಳೆಲ್ಲ ಪೆನ್‌ಡ್ರೈವ್‌ಗೆ ಇಳಿಯುತ್ತವೆ. ಅದು ಆಫೀಸಿನ ಬೀರುವಿನಲ್ಲಿ, ಹಾಜರಿ ಪುಸ್ತಕಗಳ ಪಕ್ಕ ಇರುತ್ತದೆ.