ಮುದ್ರಿತ ದನಿಯನ್ನು ನಾನು ಕೇಳಲು ಕಲಿತ ಬಗೆ

ಅಂಧ ವಿದ್ಯಾರ್ಥಿಗಳಿಗಾಗಿ ಪಾಠಗಳನ್ನು ಓದಿ ಧ್ವನಿಮುದ್ರಿಸುವ ಕೆಲಸವನ್ನು ನಾನು ಸೋಮವಾರಪೇಟೆಯ ನಮ್ಮ ಮನೆಯಿಂದಲೇ ಮಾಡುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ತಮ್ಮ ಮೊದಲ ಮುದ್ರಣವನ್ನು ಕೇಳಿ ‘ಇದು ನನ್ನ ದನಿಯಲ್ಲ, ನನ್ನದು ಇಷ್ಟು ತೆಳುವಲ್ಲ’ ಎಂದು ತಪ್ಪದೇ ಹೇಳುತ್ತಾರೆ. ಈ ದೂರಿನಲ್ಲಿ ಎರಡು ಸಂಗತಿಗಳು ಬೆರೆತಿರುತ್ತವೆ. ಒಂದು ನಮ್ಮ ತಲೆಬುರುಡೆಗೆ ಸಂಬಂಧಿಸಿದ್ದು. ಅದನ್ನು ಸರಿಪಡಿಸಲಾಗದು, ಸರಿಪಡಿಸುವ ಅಗತ್ಯವೂ ಇಲ್ಲ. ಇನ್ನೊಂದು ಮೈಕಿಗೂ ಕೋಣೆಗೂ ಸಂಬಂಧಿಸಿದ್ದು; ಅದನ್ನು ಮಾತ್ರ ನಾವೇ ಸರಿಪಡಿಸಿಕೊಳ್ಳಬೇಕು.

ನಾವು ಮಾತನಾಡುವಾಗ ದನಿಯು ಬಾಯಿಂದ ಹೊರಟು ಗಾಳಿಯ ಮೂಲಕ ಕಿವಿಗೆ ಬರುವುದಲ್ಲದೆ, ಗಂಟಲಿನ ಕಂಪನವು ತಲೆಯ ಮೂಳೆಗಳ ಮೂಲಕ ನೇರವಾಗಿ ಒಳಕಿವಿಯನ್ನೂ ತಲುಪುತ್ತದೆ. ಒಳಕಿವಿಯ ಕುರಿತ ಸಂಶೋಧನೆಗಾಗಿ 1961ರಲ್ಲಿ ನೊಬೆಲ್ ಪಡೆದ ಗೆಯೋರ್ಗ್ ಫಾನ್ ಬೆಕೆಸಿ, ನಮ್ಮ ದನಿ ನಮಗೆ ಕೇಳಿಸುವುದರಲ್ಲಿ ಈ ಎರಡು ದಾರಿಗಳ ಪಾಲು ಹೆಚ್ಚುಕಡಿಮೆ ಸಮನೆಂದು 1949ರಲ್ಲೇ ತೋರಿಸಿದ್ದರು. ಮುದ್ರಣದಲ್ಲಿ ಮೂಳೆಯ ಪಾಲು ಇರುವುದಿಲ್ಲವಾದ್ದರಿಂದ ದನಿಯ ತುಂಬುತನ ಕಡಿಮೆಯಾದಂತೆ ತೋರುತ್ತದೆ. ಇದರ ಜೊತೆಗೆ ‘ಸ’, ‘ಶ’ಗಳಂಥ ತೀಕ್ಷ್ಣ ಸದ್ದುಗಳು ಬಾಯಿಯ ಮುಂದಕ್ಕೇ ಹೆಚ್ಚಾಗಿ ಹೋಗುವುದರಿಂದ, ಪಕ್ಕದಲ್ಲಿರುವ ನಮ್ಮ ಕಿವಿಗಿಂತ ಎದುರಿಗಿರುವ ಮೈಕಿಗೆ ಅವು ಹರಿತವಾಗಿ ಸಿಗುತ್ತವೆ. ಎರಡೂ ಕಿವಿಗಳನ್ನು ಬೆರಳಿನಿಂದ ಮುಚ್ಚಿಕೊಂಡು ‘ಮ್’ ಎಂದು ಎಳೆದು ನೋಡಿದರೆ, ಮೂಳೆಯ ದಾರಿಯ ಗುಂಯ್‌ಗುಟ್ಟುವಿಕೆ ಯಾರಿಗಾದರೂ ತಿಳಿಯುತ್ತದೆ.

ನಾನು ಮತ್ತು ನನ್ನ ತಂಗಿ ಒಂದೇ ಪುಟವನ್ನು ಒಂದೇ ಫೋನಿನಲ್ಲಿ ಓದಿ, ಇಬ್ಬರ ಮುದ್ರಣವನ್ನೂ ಒಟ್ಟಿಗೆ ಕುಳಿತು ಕೇಳಿದೆವು. ‘ಅಣ್ಣ, ನಿನ್ನದು ಸರಿಯಾಗಿಯೇ ಇದೆಯಲ್ಲ, ನನ್ನದು ಮಾತ್ರ ಯಾಕೆ ಹೀಗೆ ಕೀರಲು?’ ಎಂದು ಅವಳು ಕೇಳಿದಳು. ನನಗೆ ಅನಿಸಿದ್ದು ಇದಕ್ಕೆ ತೀರಾ ತಿರುಗುಮುರುಗು. ಇಬ್ಬರಲ್ಲೂ ದೂರು ಇದ್ದುದು ಸ್ವಂತ ದನಿಯ ಮೇಲೆ ಮಾತ್ರವಾದ್ದರಿಂದ, ಮೈಕಿನ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಮೈಕ್ ಕೆಟ್ಟಿದ್ದರೆ ಪರರ ದನಿಯೂ ಬೇರೆಯಾಗಿ ಕೇಳಿಸಬೇಕಿತ್ತು. ಹೊಸ ಓದುಗರಿಗೆ ನಾನು ಇಂದಿಗೂ ಮೊದಲು ಮಾಡಿಸುವ ಪರೀಕ್ಷೆ ಇದೇ.

ಆಡಾಸಿಟಿ ತಂತ್ರಾಂಶದಲ್ಲಿ ನನ್ನ ಮುದ್ರಣದ ತಗ್ಗಿನ ಸ್ವರಾಂಶಗಳನ್ನು ಏರಿಸಿ, ಮೇಲಿನವನ್ನು ತುಸು ಇಳಿಸಿ ಕೇಳಿದಾಗ ಅದು ನನ್ನ ತಲೆಯೊಳಗಿನ ದನಿಗೆ ಹತ್ತಿರ ಬಂದಿತು. ಪೂರ್ತಿ ಹೊಂದಲಿಲ್ಲ, ಮೂಳೆಯ ಪಾಲು ಅಕ್ಷರದಿಂದ ಅಕ್ಷರಕ್ಕೆ ಬದಲಾಗುವುದರಿಂದ ಒಂದೇ ತಿದ್ದುಪಡಿ ಎಲ್ಲಕ್ಕೂ ಸಾಲದು. ಹಾಗೆ ತಿದ್ದಿದ ಪ್ರತಿಯನ್ನು ಮಕ್ಕಳಿಗೆ ಕಳುಹಿಸುವುದು ಮಾತ್ರ ಸಲ್ಲದು, ಏಕೆಂದರೆ ಅದು ನನ್ನೊಬ್ಬನ ಕಿವಿಗಷ್ಟೇ ಹಿತ, ಉಳಿದವರಿಗೆ ಮಬ್ಬು.

ನಿಜವಾಗಿ ಶ್ರಮ ಬೇಡುವುದು ಎರಡನೆಯ ಸಂಗತಿ, ಅದರಲ್ಲೂ ನಮ್ಮ ಕೊಡಗಿನಲ್ಲಿ. ಮುಂಗಾರಿನಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಬೀಳುವಾಗ ಮುದ್ರಣದ ಮಾತೇ ಇಲ್ಲ. ಕಾಫಿ ಕೊಯ್ಲಿನ ದಿನಗಳಲ್ಲಿ ಹತ್ತಿರದ ತೋಟದ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಸದ್ದು ನಿಂತ ಮೇಲೆಯೇ ಕುಳಿತುಕೊಳ್ಳಬೇಕು. ಬರಿಗೋಡೆಯ ಕೋಣೆಯ ಮಾರ್ದನಿಯನ್ನು ತಗ್ಗಿಸಲು ನಾನು ಬಟ್ಟೆಯ ಬೀರುವಿನ ಬಾಗಿಲು ತೆರೆದಿಟ್ಟು, ಎದುರಿಗೆ ದಪ್ಪ ಕಂಬಳಿಯೊಂದನ್ನು ತೂಗುಹಾಕುತ್ತೇನೆ. ಮೈಕನ್ನು ಬಾಯಿಯಿಂದ ಒಂದು ಗೇಣು ದೂರದಲ್ಲಿ, ತುಸು ಪಕ್ಕಕ್ಕೆ ಇಟ್ಟುಕೊಂಡರೆ ‘ಪ’, ‘ಭ’ಗಳ ಗಾಳಿ ನೇರವಾಗಿ ಬಡಿಯುವುದಿಲ್ಲ. ಕೆಲವು ಮೈಕುಗಳು ತೀರಾ ಹತ್ತಿರ ಹಿಡಿದಾಗ ತಗ್ಗುಸ್ವರವನ್ನು ಕೃತಕವಾಗಿ ಹಿಗ್ಗಿಸುತ್ತವೆ. ತಲೆಯೊಳಗಿನ ದನಿಗೆ ಅದು ಹತ್ತಿರವೆನಿಸುವುದರಿಂದ ಓದುಗರು ಅದಕ್ಕೇ ಮನಸೋಲುವುದುಂಟು, ಆದರೆ ಅದರಲ್ಲಿ ವ್ಯಂಜನಗಳ ಸ್ಪಷ್ಟತೆ ಕುಗ್ಗುತ್ತದೆ.

ಈಗ ಮುದ್ರಣವನ್ನು ಮರುದಿನ, ಪುಸ್ತಕವನ್ನು ಮುಂದಿಟ್ಟುಕೊಂಡು ಕೇಳುತ್ತೇನೆ. ವಾಕ್ಯದ ಕೊನೆಯ ಕ್ರಿಯಾಪದ ನುಂಗಿಹೋಗಿದೆಯೇ, ಒತ್ತಕ್ಷರಗಳು ಬಿಡಿಯಾಗಿ ಕೇಳಿಸುತ್ತವೆಯೇ ಎಂಬುದನ್ನು ಪೆನ್ಸಿಲಿನಲ್ಲಿ ಗುರುತಿಸಿಕೊಂಡು, ಆಯಾ ವಾಕ್ಯವನ್ನಷ್ಟೇ ಮತ್ತೆ ಓದಿ ಸೇರಿಸುತ್ತೇನೆ. ದನಿ ಹೇಗಿದೆ ಎಂಬ ಪ್ರಶ್ನೆಯನ್ನು ತಂಗಿಗೆ ಬಿಟ್ಟಿದ್ದೇನೆ.