ಇಂಗ್ಲೆಂಡಿನಲ್ಲಿ ಸಿಗರೇಟು ಬಿಡುವವರಿಗೆ: ನಿಕೋಟಿನ್ ಗಮ್ ಮತ್ತು ಇನ್ಶೂರೆನ್ಸ್ ಅರ್ಜಿ

ಕಳೆದ ವಾರ ರಾತ್ರಿ ಹತ್ತಕ್ಕೆ ನಮ್ಮೂರ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಇಲ್ಲಿಗೆ ಬಂದು ಮೂರು ವರ್ಷವಾಗಿದೆ, ಈಗ ಮನೆ ತಗೊಳ್ತಿದ್ದಾನೆ. "ಅಣ್ಣ, ಸಿಗರೇಟು ಬಿಟ್ಟು ನಾಲ್ಕು ತಿಂಗಳಾಯ್ತು. ಲೈಫ್ ಇನ್ಶೂರೆನ್ಸ್ ಅರ್ಜಿ ತುಂಬ್ತಿದೀನಿ, ಸ್ಮೋಕರ್ ಅಲ್ಲ ಅಂತಾನೇ ಹಾಕ್ಲಾ?" ಮಾತಿನ ನಡುವೆ ಏನೋ ಜಗಿಯುವ ಸದ್ದು ಕೇಳಿಸಿತು. ಬಾಯಲ್ಲಿ ಏನಪ್ಪಾ ಅಂದೆ. "ನಿಕೋಟಿನ್ ಗಮ್ ಅಣ್ಣ." ಹಾಗಾದ್ರೆ ಸಬ್‌ಮಿಟ್ ಒತ್ತಬೇಡ, ನಿಲ್ಲು ಅಂದೆ.

ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸಿಗರೇಟಿನ ಬದಲು ನಿಕೋಟಿನ್ ಕೊಡುವ ಈ ಗಮ್ ಜಗಿಯುತ್ತಲೇ 'ಸ್ಮೋಕರ್ ಅಲ್ಲ' ಅಂತ ಹಾಕುವ ತಪ್ಪು ನಾನೂ ಮಾಡಿದ್ದೆ, ನನ್ನ ನಂತರ ಬಂದವರಲ್ಲಿ ನಾಲ್ಕೈದು ಜನ ಮಾಡಿದ್ದನ್ನೂ ನೋಡಿದ್ದೇನೆ. ಸಿಗರೇಟು ಯಾಕೆ ಬಿಡಬೇಕು ಅನ್ನುವುದು ಎಲ್ಲರಿಗೂ ಗೊತ್ತು, ಆ ಮಾತು ಬೇಡ.

ಮೊದಲು, ಎಲ್ಲಿಗೆ ಹೋಗಬೇಕು ಅಂತ. ನಮ್ಮವರು ನೇರ ಸೂಪರ್ ಮಾರ್ಕೆಟ್‌ಗೆ ಹೋಗಿ ಎರಡು ಮಿಲಿಗ್ರಾಂ ಗಮ್ ಪೊಟ್ಟಣ ತರುತ್ತಾರೆ, ಇಲ್ಲವೇ ಜಿಪಿ (ಇಲ್ಲಿನ ಕುಟುಂಬ ವೈದ್ಯರು) ಅಪಾಯಿಂಟ್‌ಮೆಂಟ್ ಸಿಗಲಿ ಅಂತ ವಾರಗಟ್ಟಲೆ ಕಾಯುತ್ತಾರೆ. ಎರಡೂ ಬೇಕಿಲ್ಲ. ಇಂಗ್ಲೆಂಡಿನಲ್ಲಿ 2013ರಿಂದ ಸಿಗರೇಟು ಬಿಡಿಸುವ ಕೆಲಸ ಸ್ಥಳೀಯ ಕೌನ್ಸಿಲ್‌ಗಳ (ನಮ್ಮ ನಗರಸಭೆಯಂಥವು) ಕೈಯಲ್ಲಿದೆ. ನಿಮ್ಮ ಕೌನ್ಸಿಲ್‌ನ 'ಸ್ಟಾಪ್ ಸ್ಮೋಕಿಂಗ್ ಸರ್ವಿಸ್'ಗೆ ನೀವೇ ಫೋನ್ ಮಾಡಿ ಸೇರಬಹುದು, ಡಾಕ್ಟರ ಚೀಟಿ ಬೇಡ. ನಂಬರ್ ಸಿಗದಿದ್ದರೆ 0300 123 1044 ಸಹಾಯವಾಣಿಗೆ ಕೇಳಿ. ಸಲಹೆಗಾರರ ಭೇಟಿಗೆ ದುಡ್ಡಿಲ್ಲ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚು, ಗಮ್ ಕೆಲವು ಕೌನ್ಸಿಲ್‌ಗಳಲ್ಲಿ ಪೂರ್ತಿ ಉಚಿತ, ಇನ್ನು ಕೆಲವು ಕಡೆ ಒಂದೊಂದು ಐಟಂಗೆ ಪ್ರಿಸ್ಕ್ರಿಪ್ಷನ್ ಶುಲ್ಕ 9.90 ಪೌಂಡ್ ಬೀಳುತ್ತದೆ. ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡಿನಲ್ಲಿ ಪ್ರಿಸ್ಕ್ರಿಪ್ಷನ್‌ಗೆ ಶುಲ್ಕವೇ ಇಲ್ಲ. ವೀಸಾ ಜೊತೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಸರ್‌ಚಾರ್ಜ್ ಕಟ್ಟಿ ಬಂದವರು ಇದನ್ನು ಕೇಳಲು ಸಂಕೋಚಪಡುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ನನ್ನ ಸಲಹೆಗಾರ್ತಿ ದಿನಕ್ಕೆ ಎಷ್ಟು ಸೇದುತ್ತೀರಿ ಅಂತ ಕೇಳುವ ಮುಂಚೆ, ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು ಹಚ್ಚುತ್ತೀರಿ ಅಂತ ಕೇಳಿದರು. ಹತ್ತು ನಿಮಿಷದೊಳಗೆ ಅಂದೆ. ಅರ್ಧ ಗಂಟೆಯೊಳಗೆ ಬೇಕೇಬೇಕು ಅನ್ನುವವರಿಗೆ ಎರಡು ಮಿಲಿಗ್ರಾಂ ಸಾಲದು, ನಾಲ್ಕೇ ಬೇಕು ಅಂದರು. ಜೊತೆಗೆ ದಿನವಿಡೀ ಒಂದೇ ಸಮ ನಿಕೋಟಿನ್ ಕೊಡುವ ಪ್ಯಾಚು. ಎರಡನ್ನೂ ಸೇರಿಸಿ ತಗೊಂಡರೆ, ಬರೀ ಒಂದನ್ನೇ ತಗೊಳ್ಳುವುದಕ್ಕಿಂತ ಬಿಡುವ ಸಾಧ್ಯತೆ ಹೆಚ್ಚು. ಔಷಧಿ ಎಷ್ಟು ಕಮ್ಮಿಯೋ ಅಷ್ಟು ಒಳ್ಳೆಯದು ಅನ್ನುವ ನಂಬಿಕೆ ನಮ್ಮಲ್ಲಿ ಬೇರೂರಿದೆ. ಅದಕ್ಕೇ ನಾನು ಅದಕ್ಕೂ ಮುಂಚೆ ಎರಡು ಸಲ ಬಿಟ್ಟು ಎರಡು ಸಲವೂ ಮತ್ತೆ ಹಿಡಿದಿದ್ದೆ. ಚಟ ಹತ್ತಿಸುವುದು ನಿಕೋಟಿನ್, ನಿಜ. ಆದರೆ ಶ್ವಾಸಕೋಶ, ಹೃದಯ ಹಾಳುಮಾಡುವುದು ಮುಖ್ಯವಾಗಿ ಹೊಗೆಯಲ್ಲಿರುವ ಟಾರು, ಕಾರ್ಬನ್ ಮೊನಾಕ್ಸೈಡು. ಮೂರೇ ವಾರಕ್ಕೆ ಹುಷಾರಾದೆ ಅಂತ ಪ್ಯಾಚು ಕಿತ್ತು ಹಾಕಬೇಡಿ. ಎಂಟರಿಂದ ಹನ್ನೆರಡು ವಾರ ಹಿಡಿಯುವ ಕೆಲಸ ಅದು.

ಗಮ್ ವಿಷಯ ಒಂದೇ ಮಾತು: ಅದನ್ನು ಚೂಯಿಂಗ್ ಗಮ್ ಥರ ಜಗಿಯಬಾರದು. ಖಾರ ಹತ್ತುವವರೆಗೆ ನಿಧಾನ ಜಗಿದು, ಕೆನ್ನೆ ಒಳಗೆ ಒತ್ತಿ ಇಟ್ಟುಕೊಳ್ಳಿ, ಖಾರ ಇಳಿದ ಮೇಲೆ ಮತ್ತೆ ಜಗಿಯಿರಿ. ನಿಕೋಟಿನ್ ಹೀರಿಕೊಳ್ಳುವುದು ಬಾಯಿಯ ಒಳಪದರ. ಎಂಜಲ ಜೊತೆ ನುಂಗಿದರೆ ಬಿಕ್ಕಳಿಕೆ, ಎದೆಯುರಿ ಅಷ್ಟೇ ಲಾಭ. ಕಾಫಿ ಕುಡಿದ ಬಾಯಲ್ಲಿ ಹುಳಿ ಅಂಶ ಉಳಿದು ಹೀರಿಕೆ ಕುಂಠಿತವಾಗುತ್ತದೆ, ಹದಿನೈದು ನಿಮಿಷ ಅಂತರ ಬಿಡಿ. ಅಂದ ಹಾಗೆ, ಸಿಗರೇಟು ನಿಂತ ಮೇಲೆ ಕಾಫಿಯನ್ನೂ ತಗ್ಗಿಸಿ. ಕೆಫೀನನ್ನು ಬೇಗ ಬೇಗ ಕರಗಿಸುವಂತೆ ಲಿವರನ್ನು ಚುರುಕು ಮಾಡಿದ್ದು ಹೊಗೆ. ಅದು ನಿಂತರೆ ಅದೇ ಎರಡು ಲೋಟಕ್ಕೆ ಎದೆ ಡವಗುಟ್ಟಿ ರಾತ್ರಿ ನಿದ್ದೆ ಬರುವುದಿಲ್ಲ, ನಾವು ಅದನ್ನು ಪ್ಯಾಚಿನ ತಲೆಗೆ ಕಟ್ಟುತ್ತೇವೆ. ಕೆಲವು ಮಾತ್ರೆಗಳ ಪ್ರಮಾಣವೂ ಇದೇ ಕಾರಣಕ್ಕೆ ಬದಲಾಗಬೇಕಾಗುತ್ತದೆ. ದಿನವೂ ಔಷಧಿ ತಗೊಳ್ಳುವವರು ಬಿಡುತ್ತಿರುವ ಸಂಗತಿ ಡಾಕ್ಟರಿಗೆ ತಿಳಿಸಲೇಬೇಕು.

ಈಗ ದುಡ್ಡು ಕಳೆದುಕೊಂಡ ಕಥೆ.

ಕೌನ್ಸಿಲ್ ಸಲಹೆಗಾರ್ತಿಯ ಮೇಜಿನ ಮೇಲೆ ಅಂಗೈಯಗಲದ ಒಂದು ಯಂತ್ರ ಇತ್ತು. ಹದಿನೈದು ಸೆಕೆಂಡು ಉಸಿರು ಹಿಡಿದು ಊದಬೇಕು. ಉಸಿರಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಷ್ಟು ಅಂತ ಅಂಕಿ ತೋರಿಸುತ್ತದೆ. ಮೊದಲ ದಿನ ನನ್ನದು 22. ಎರಡನೇ ವಾರ 3. ಹತ್ತಕ್ಕಿಂತ ಕಮ್ಮಿ ಬಂದು, ನೀವೂ ಸೇದಿಲ್ಲ ಅಂದರೆ ಅವರ ಲೆಕ್ಕದಲ್ಲಿ ಬಿಟ್ಟ ಹಾಗೆ. ನಾಲ್ಕನೇ ವಾರ ಆಕೆ ಫಾರಮ್‌ನಲ್ಲಿ 'ಬಿಟ್ಟಿದ್ದಾರೆ' ಅಂತ ಬರೆದು ಕೈ ಕುಲುಕಿದಾಗ ನನಗೆ ಕಣ್ಣು ತುಂಬಿ ಬಂತು. ಆಗಲೂ ತೋಳ ಮೇಲೆ ಪ್ಯಾಚು ಇತ್ತು, ಬಾಯಲ್ಲಿ ಗಮ್ ಇತ್ತು. ಆ ಯಂತ್ರ ಅಳೆಯುವುದು ಹೊಗೆಯನ್ನು, ನಿಕೋಟಿನ್ನನ್ನಲ್ಲ.

ಏಳು ತಿಂಗಳ ನಂತರ, ಗಮ್ ಇನ್ನೂ ಬಿಡದೆ ಇರುವಾಗಲೇ, ಮನೆ ಸಾಲದ ಜೊತೆ ಲೈಫ್ ಇನ್ಶೂರೆನ್ಸ್ ಅರ್ಜಿ ತುಂಬಲು ಕೂತೆ. ಪ್ರಶ್ನೆ ಹೀಗಿತ್ತು: ಕಳೆದ 12 ತಿಂಗಳಲ್ಲಿ ಸಿಗರೇಟು, ತಂಬಾಕು, ಇ-ಸಿಗರೇಟು ಅಥವಾ ಯಾವುದೇ ನಿಕೋಟಿನ್ ಬದಲಿ ಉತ್ಪನ್ನ ಬಳಸಿದ್ದೀರಾ? ನಾನು 'ಸಿಗರೇಟು' ಅನ್ನುವಲ್ಲಿಗೇ ಓದಿ ನಿಲ್ಲಿಸಿದೆ. ಸರ್ಕಾರದ ಸೇವೆಯೇ ಬಿಟ್ಟಿದ್ದಾರೆ ಅಂತ ಬರೆದುಕೊಟ್ಟಿದೆಯಲ್ಲ ಅನ್ನುವ ಧೈರ್ಯ ಬೇರೆ. 'ಇಲ್ಲ' ಒತ್ತಿದೆ. ಎರಡು ವಾರಕ್ಕೆ ನರ್ಸ್ ಒಬ್ಬರು ಮನೆಗೆ ಬಂದು, ಕಡ್ಡಿಯಂಥದ್ದನ್ನು ನಾಲಿಗೆ ಕೆಳಗಿಟ್ಟು ಎಂಜಲು ತಗೊಂಡು ಹೋದರು. ಅದು ಕೊಟಿನಿನ್ ಪರೀಕ್ಷೆ. ದೇಹದೊಳಗೆ ನಿಕೋಟಿನ್ ಒಡೆದಾಗ ಉಳಿಯುವ ವಸ್ತು ಕೊಟಿನಿನ್. ನಿಕೋಟಿನ್ ಹೊಗೆಯಿಂದ ಬಂತೋ ಗಮ್‌ನಿಂದ ಬಂತೋ ಅದಕ್ಕೆ ಗೊತ್ತಾಗುವುದಿಲ್ಲ. ಫಲಿತಾಂಶ ಪಾಸಿಟಿವ್ ಬಂತು. ಅರ್ಜಿ ತಡೆಹಿಡಿದರು, ವಿವರಣೆ ಕೇಳಿದರು, ಕೊನೆಗೆ ಧೂಮಪಾನಿಯ ದರದಲ್ಲಿ ಪಾಲಿಸಿ ಕೊಟ್ಟರು. ಕಂತು ಹೆಚ್ಚುಕಮ್ಮಿ ಎರಡರಷ್ಟಾಯಿತು, ಮನೆ ಕೈಗೆ ಬರುವುದು ಒಂದೂವರೆ ತಿಂಗಳು ತಡವಾಯಿತು.

ಹೀಗೆ ಒಂದೇ ದೇಶದಲ್ಲಿ, ಒಂದೇ ದಿನ, ಒಬ್ಬರ ಲೆಕ್ಕದಲ್ಲಿ ನಾನು ಬಿಟ್ಟವನು, ಇನ್ನೊಬ್ಬರ ಲೆಕ್ಕದಲ್ಲಿ ಸೇದುವವನು. ಗಮ್ ಜಗಿಯುವವನಿಗೂ ದಿನಕ್ಕೆ ಇಪ್ಪತ್ತು ಸೇದುವವನಿಗೂ ಒಂದೇ ದರ ಹಾಕುವುದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ. ಆದರೆ ನ್ಯಾಯ ಕೇಳುತ್ತಾ 'ಇಲ್ಲ' ಒತ್ತಬೇಡಿ. 2012ರ ಗ್ರಾಹಕ ವಿಮಾ ಕಾಯ್ದೆಯ ಪ್ರಕಾರ, ಬೇಕೆಂದೇ ತಪ್ಪು ಉತ್ತರ ಕೊಟ್ಟಿದ್ದರೆ ಕಂಪನಿ ಪಾಲಿಸಿಯನ್ನೇ ರದ್ದುಮಾಡಿ ಕ್ಲೇಮ್ ನಿರಾಕರಿಸಬಹುದು. ಅಜಾಗರೂಕತೆಯಿಂದ ಆಗಿದ್ದರೂ, ನೀವು ಕಟ್ಟಬೇಕಿದ್ದ ಕಂತಿಗೆ ಹೋಲಿಸಿ ಹಣ ಕಡಿತ ಮಾಡಬಹುದು. ನನ್ನ ಎಂಜಲು ಪರೀಕ್ಷೆ ಮುಂಚೆಯೇ ಆಗಿದ್ದು ಪುಣ್ಯ. ಎಲ್ಲರನ್ನೂ ಪರೀಕ್ಷಿಸುವುದಿಲ್ಲ. ಆಗ ತಪ್ಪು ಹೊರಬೀಳುವುದು ನಾವು ಇಲ್ಲದ ದಿನ, ಹೆಂಡತಿ ಮಕ್ಕಳು ಹಣ ಕೇಳಿದಾಗ. ಜರ್ದಾ ಹಾಕಿದ ಎಲೆಅಡಿಕೆ, ಗುಟ್ಕಾ ಕೂಡ ತಂಬಾಕೇ, ಅದನ್ನೂ ಹೇಳಬೇಕು. ಅವುಗಳನ್ನು ಬಿಡಲೂ ಕೌನ್ಸಿಲ್ ಸೇವೆಯಲ್ಲಿ ಸಹಾಯ ಕೇಳಿ.

ಹಾಗಂತ ಕಂತು ಉಳಿಸಲು ಪ್ಯಾಚು ಬಿಸಾಡಬೇಡಿ, ಕೈಮುಗಿದು ಕೇಳುತ್ತೇನೆ. ಮತ್ತೆ ಸಿಗರೇಟಿಗೆ ಬಿದ್ದರೆ ಕಂತೂ ಹೋಯಿತು, ಆರೋಗ್ಯವೂ ಹೋಯಿತು. ನಿಜ ಹೇಳಿ ಹೆಚ್ಚಿನ ದರಕ್ಕೇ ಪಾಲಿಸಿ ಮಾಡಿಸಿ. ಕೊನೆಯ ಗಮ್ ಜಗಿದ ತಾರೀಕು ಬರೆದಿಡಿ. ಅಲ್ಲಿಂದ 12 ತಿಂಗಳು ದಾಟಿದ ಮೇಲೆ ದರ ಪರಿಶೀಲಿಸಿ ಅಂತ ಕಂಪನಿಯನ್ನು ಕೇಳಿ, ಒಪ್ಪದಿದ್ದರೆ ಬೇರೆ ಕಡೆ ಹೊಸ ಪಾಲಿಸಿ ನೋಡಿ. ಹೊಸದು ಶುರುವಾಗುವವರೆಗೆ ಹಳೆಯದನ್ನು ನಿಲ್ಲಿಸಬೇಡಿ. ವಾರೆನಿಕ್ಲಿನ್, ಸಿಟಿಸಿನ್ ಅನ್ನುವ ಮಾತ್ರೆಗಳೂ ಈಗ ಇಲ್ಲಿ ಪ್ರಿಸ್ಕ್ರಿಪ್ಷನ್ ಮೇಲೆ ಸಿಗುತ್ತವೆ, ಅವುಗಳಲ್ಲಿ ನಿಕೋಟಿನ್ ಇಲ್ಲ. ಆದರೂ ಯಾವುದು ಬೇಕು ಅನ್ನುವುದನ್ನು ನಿಮ್ಮ ದೇಹ ನೋಡಿ ಡಾಕ್ಟರು ತೀರ್ಮಾನಿಸಲಿ, ಇನ್ಶೂರೆನ್ಸ್ ನೋಡಿ ನೀವಲ್ಲ.

ವೇಪ್ (ಇ-ಸಿಗರೇಟು) ಹಿಡಿದವರಿಗೊಂದು ಎಚ್ಚರಿಕೆ. ಇಲ್ಲಿ ಸಿಗರೇಟು ಬಿಡಲಿ ಅಂತ ಎಷ್ಟೋ ಕೌನ್ಸಿಲ್‌ಗಳು ವೇಪ್ ಕಿಟ್ಟನ್ನು ಪುಕ್ಕಟೆ ಕೊಡುತ್ತವೆ. ಭಾರತದಲ್ಲಿ ಅದರ ಆಮದು, ಮಾರಾಟ ಎರಡೂ 2019ರಿಂದ ನಿಷಿದ್ಧ. ರಜೆಗೆ ಊರಿಗೆ ಹೋಗುವಾಗ ಬ್ಯಾಗಲ್ಲಿ ಇಟ್ಟುಕೊಳ್ಳಬೇಡಿ, ಗಮ್ ಇಟ್ಟುಕೊಳ್ಳಿ. ಊರಲ್ಲಿರುವ ಅಪ್ಪನಿಗೋ ಚಿಕ್ಕಪ್ಪನಿಗೋ ಬಿಡಿಸಬೇಕಿದ್ದರೆ 1800-11-2356 ಕ್ವಿಟ್‌ಲೈನ್ ಇದೆ, ಬೆಂಗಳೂರಿನ ನಿಮ್ಹಾನ್ಸ್ ಅದರ ಒಂದು ಕೇಂದ್ರ. ವಾರವಾರ ಎದುರಿಗೆ ಕೂರಿಸಿ ಊದಿಸಿ ನೋಡುವುದರಲ್ಲಿ ಇಂಗ್ಲೆಂಡಿನ ವ್ಯವಸ್ಥೆಯೇ ಮೇಲು ಅಂತ ನನ್ನ ಅಭಿಪ್ರಾಯ. ಆದರೆ ಬಯಕೆ ಕಿತ್ತು ತಿನ್ನುವ ಹೊತ್ತಿನಲ್ಲಿ ಕನ್ನಡದಲ್ಲಿ ಎರಡು ಮಾತು ಕೇಳಿಸಿಕೊಳ್ಳುವ ಸುಖ ಇಲ್ಲಿ ನನಗೆ ಸಿಗಲಿಲ್ಲ.

ಆ ಹುಡುಗ ಅದೇ ರಾತ್ರಿ ಉತ್ತರ ತಿದ್ದಿ ಕಳಿಸಿದ. ತಿಂಗಳಿಗೆ ಎಷ್ಟು ಹೆಚ್ಚಾಯಿತು ಅಂತ ಬೇಜಾರಿನಲ್ಲೇ ಹೇಳಿದ. ಬೆಳಿಗ್ಗೆ ಒಂದು ಫೋಟೋ ಕಳಿಸಿದ್ದ: ಫ್ರಿಜ್ ಮೇಲಿನ ಕ್ಯಾಲೆಂಡರ್, ಮುಂದಿನ ತಿಂಗಳ ಒಂದು ತಾರೀಕಿಗೆ ಕೆಂಪು ಸುತ್ತು, ಪಕ್ಕದಲ್ಲಿ 'ಕೊನೇ ಗಮ್' ಅಂತ ಬರಹ.